ಕೊಲೆಗೆ ಒನ್ಸ್ ಮೋರ್

1960ರಲ್ಲಿ ‘ಸೈಕೋ’ ತೆರೆಗೆ ಬಂದಾಗ ಅದರ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಥಿಯೇಟರಿನವರಿಗೆ ಕಟ್ಟಪ್ಪಣೆ ಮಾಡಿದ್ದರು: ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ. ಅದಕ್ಕೆ ಕಾರಣ ಇತ್ತು. ಪೋಸ್ಟರಿನಲ್ಲಿ ಮಿಂಚುವ ನಾಯಕಿ ಜಾನೆಟ್ ಲೀ ಅರ್ಧ ಚಿತ್ರಕ್ಕೆ ಮೊದಲೇ, ತಂಗಿದ ಲಾಡ್ಜಿನ ಬಚ್ಚಲಲ್ಲಿ ಕೊಲೆಯಾಗುತ್ತಾಳೆ. ತಡವಾಗಿ ಬಂದವನು ಆಕೆ ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು ಕಾದು, ಕೊನೆಗೆ ಮ್ಯಾನೇಜರನ ಕೊರಳಪಟ್ಟಿ ಹಿಡಿಯುತ್ತಾನೆ.

ಈ ನಿಯಮವನ್ನು ತುಮಕೂರಿನಲ್ಲಿ ಜಾರಿಗೆ ತಂದರೆ ಮೊದಲು ಹೊರಗುಳಿಯುವವರು ಉದ್ಘಾಟಕರು.

ಆದರೂ ಆ ಕತೆಯನ್ನು ನಮ್ಮೂರ ರಂಗಮಂದಿರದಲ್ಲಿ ಆಡಿಯೇ ತೀರುತ್ತೇವೆ ಎಂದು ಹಟ ಹಿಡಿದ ತಂಡಗಳಿಗೆ, ತೆರೆಯ ಹಿಂದೆ ಹಗ್ಗ ಎಳೆಯುವವರ ಕಡೆಯಿಂದ ನಾಲ್ಕು ಮಾತು. ಕೊಲೆ ಮಾಡುವುದು ಸುಲಭ. ಅದನ್ನು ನೋಡಲು ಬಂದವರನ್ನು ಸಂಭಾಳಿಸುವುದು ಕಷ್ಟ.

ಪತ್ತೇದಾರಿ ನಾಟಕಕ್ಕೆ ಬೇಕಾದದ್ದು ಕತ್ತಲೆ, ಮೌನ ಮತ್ತು ಮುಂದೇನಾಗುತ್ತದೆ ಎಂಬುದರ ಅಜ್ಞಾನ. ಮೂರನೆಯದಕ್ಕಂತೂ ನಮ್ಮಲ್ಲಿ ಬರವಿಲ್ಲ ಎಂದುಕೊಂಡವರು ವೇದಿಕೆ ಕಾರ್ಯಕ್ರಮವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆಹ್ವಾನಪತ್ರಿಕೆಯಲ್ಲಿ ‘ಸಂಜೆ 6.30ಕ್ಕೆ ಸರಿಯಾಗಿ’ ಎಂದಿರುತ್ತದೆ. ಪ್ರಾರ್ಥನೆ, ಸ್ವಾಗತ, ಆಮೇಲೆ ದೀಪ. ದೀಪ ಆರದಿರಲೆಂದು ಫ್ಯಾನು ನಿಲ್ಲಿಸುತ್ತಾರೆ, ಮತ್ತೆ ಹಾಕಲು ಮರೆಯುತ್ತಾರೆ. ವೇದಿಕೆಯಲ್ಲಿ ಒಂಬತ್ತು ಜನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫೋಟೊ ಎಂದು ತಲೆಗೆ ಎರಡೂವರೆ ನಿಮಿಷ ಹಿಡಿದರೂ ಇಪ್ಪತ್ತೆರಡೂವರೆ ನಿಮಿಷ ಅಲ್ಲೇ ಹೋಯಿತು. ಈ ಒಂಬತ್ತು ಕುರ್ಚಿಗಳು ನಿಂತಿರುವುದು ನೀವು ಮಧ್ಯಾಹ್ನವಿಡೀ ಕಟ್ಟಿದ ಲಾಡ್ಜಿನ ಕೌಂಟರ್ ಮುಂದೆ. ಲಾಡ್ಜಿನವನ ಅಮ್ಮನ ನೆರಳು ಕಾಣಬೇಕಾದ ಮಹಡಿ ಕಿಟಕಿಯ ಮೇಲೆ ಪ್ರಾಯೋಜಕರ ಫ್ಲೆಕ್ಸ್.

ಇಷ್ಟಾದ ಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದು, “ತಾಯಿ ಸತ್ತು ಹತ್ತು ವರ್ಷ ಆದ್ರೂ ಆಕೆ ಸೀರೆ ತಾನೇ ಉಟ್ಟು, ಆಕೆ ದನಿಯಲ್ಲೇ ಮಾತಾಡೋ ಮಗನ ಕತೆ ಇದು. ಇವತ್ತಿನ ಕಾಲದಲ್ಲಿ ತಾಯಿಯನ್ನ ಇಷ್ಟು ನೆನೆಯೋ ಮಕ್ಕಳು ಎಲ್ಲವ್ರೆ?” ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಹಿಚ್‌ಕಾಕ್ ಕೊನೆಯವರೆಗೂ ಜೋಪಾನ ಮಾಡಿದ್ದ ಗುಟ್ಟು 7.25ಕ್ಕೆ ಮಣ್ಣುಪಾಲು. ಹೇಳಿದವರು 7.30ಕ್ಕೆ ಇನ್ನೊಂದು ಕಾರ್ಯಕ್ರಮಕ್ಕೆ ಹೊರಡುತ್ತಾರೆ. ಮೊದಲ ಮೂರು ಸಾಲು ಸೋಫಾ ಅವರ ಜೊತೆಗೇ ಖಾಲಿ. ಅತಿಥಿಗಳಿಗೆ ಕತೆಯ ಸಾರಾಂಶವನ್ನು ಬರೆದುಕೊಡಬೇಡಿ ಎಂಬುದೊಂದೇ ಇದಕ್ಕಿರುವ ಉಪಾಯ. ಕೊಡಲೇಬೇಕಾದರೆ ಬೇರೆ ನಾಟಕದ್ದು ಕೊಡಿ. ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ರೂಪಾಂತರ. ಮೂಲದಲ್ಲಿ ನಾಯಕಿ ಮಾಲೀಕ ಬ್ಯಾಂಕಿಗೆ ಕಟ್ಟಲು ಕೊಟ್ಟ ನಲವತ್ತು ಸಾವಿರ ಡಾಲರ್ ಹೊತ್ತು ಓಡಿಹೋಗುತ್ತಾಳೆ. ನೀವು ಅದನ್ನು ನಲವತ್ತು ಸಾವಿರ ರೂಪಾಯಿ ಮಾಡಿದಿರೋ, ಐದನೇ ಸಾಲಿನಿಂದ “ಅಷ್ಟಕ್ಕೇ ಊರು ಬಿಟ್ಳಾ? ಬಿಲ್ಲಿಗೆ ಸೇರಿಸಿದ್ರೆ ಮುಗೀತಿತ್ತಲ್ಲ” ಎಂಬ ಸಲಹೆ ಬರುತ್ತದೆ. ನಲವತ್ತು ಲಕ್ಷ ಮಾಡಿದರೆ ಅದು ಕೈಚೀಲದಲ್ಲಿ ಹಿಡಿಯುತ್ತದೆಯೇ ಎಂದು ಬ್ಯಾಂಕಿನ ನಿವೃತ್ತರು ಕಂತೆ ಎಣಿಸತೊಡಗುತ್ತಾರೆ. ನಾಯಕಿ ಸುಳ್ಳು ಹೆಸರು ಬರೆದು ರೂಮು ಹಿಡಿಯುವಾಗ ಇಡೀ ಸಭಾಂಗಣಕ್ಕೆ ಒಂದೇ ಅನುಮಾನ: “ಆಧಾರ್ ಕಾರ್ಡೇ ಕೇಳ್ಲಿಲ್ವಲ್ಲ ಇವ್ನು?” ಹೆದ್ದಾರಿ ಬೇರೆ ಕಡೆ ಹೋಗಿದ್ದರಿಂದ ಲಾಡ್ಜಿಗೆ ಗಿರಾಕಿಯಿಲ್ಲ ಎಂಬ ಮಾತೊಂದಿದೆ ನೋಡಿ, ಅದು ಮೂಲದಲ್ಲೇ ಇರುವುದು. ಬೈಪಾಸು ಕಂಡ ಊರಿನವರಿಗೆ ಅದಕ್ಕೆ ವಿವರಣೆ ಬೇಕಿಲ್ಲ. ಲಾಡ್ಜು ನಡೆಸುವ ಆ ಕೊಲೆಗಾರನ ಮೇಲೆ ಆ ಕ್ಷಣಕ್ಕೆ ಹುಟ್ಟುವ ಕನಿಕರವನ್ನು ಮಾತ್ರ ಆಮೇಲೆ ಯಾವ ನಿರ್ದೇಶಕನೂ ಅಳಿಸಲಾರ. “ಪರಿಹಾರ ಬಂತಂತಾ ಅವ್ರಿಗೆ?” ಎಂದು ಒಬ್ಬರು ಪಕ್ಕದವರನ್ನು ಕೇಳುತ್ತಾರೆ. ಪಕ್ಕದವರು ತಮ್ಮ ಜಮೀನಿನ ಕತೆ ತೆಗೆಯುತ್ತಾರೆ. ಅದು ಮುಗಿಯುವಷ್ಟರಲ್ಲಿ ನಾಯಕಿ ಬಚ್ಚಲಿಗೆ ಹೋಗಿರುತ್ತಾಳೆ.

ಈಗ ಷವರಿನ ವಿಚಾರ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ ಗುಬ್ಬಿ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅಂಥ ಸೀಮೆಯವರಿಗೆ ಸುಳ್ಳು ನೀರು ಒಪ್ಪಿಸಲಾಗದು ಎಂದು ನಿಜವಾದ ನೀರು ಬಿಡಲು ಹೋದವರು ಲೆಕ್ಕ ಮೊದಲೇ ನೋಡಿಕೊಳ್ಳಲಿ. ನೂರು ಲೀಟರಿನ ಡ್ರಮ್ಮು, ಅರ್ಧ ಎಚ್‌ಪಿ ಮೋಟರು, ಮುಕ್ಕಾಲು ಇಂಚಿನ ಪೈಪು, ಕೆಳಗೆ ಅಂಚು ಎತ್ತಿ ಕಟ್ಟಿದ ಟಾರ್ಪಾಲು. ಕೆಡುವುದು ಯಾವಾಗಲೂ ಟಾರ್ಪಾಲಿನ ಮೂಲೆಯಲ್ಲಿ. ಅಲ್ಲಿಂದ ಸೋರಿದ ನೀರು ಮರದ ಹಲಗೆಯ ಸಂದಿಯಲ್ಲಿ ಹರಿದು ಲೈಟಿನ ಜಂಕ್ಷನ್ ಬಾಕ್ಸ್ ಹುಡುಕಿಕೊಂಡು ಹೋಗುತ್ತದೆ. ಆಮೇಲೆ ಕೊಲೆಗೆ ಚಾಕು ಬೇಕಾಗುವುದಿಲ್ಲ.

ಹಾಗಾಗಿ ಅನುಭವಸ್ಥರು ತೆಳು ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಇಳಿಬಿಟ್ಟು ಹಿಂದಿನಿಂದ ಬೆಳಕು ಹಾಯಿಸುತ್ತಾರೆ. ಸದ್ದಿಗೆ ಅರ್ಧ ಸೇರು ರಾಗಿಯನ್ನು ಮೊರಕ್ಕೆ ಹಾಕಿ, ಮೈಕಿನಿಂದ ಒಂದಡಿ ದೂರದಲ್ಲಿ ಹಿಡಿದು, ಓರೆ ಮಾಡಿ ನಿಧಾನ ಉರುಳಿಸಬೇಕು. ಸ್ಪೀಕರಿನಲ್ಲಿ ಥೇಟ್ ಷವರು. ಬೆಂಗಳೂರಾಗಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಇಲ್ಲಿ ಹೆಂಗಸರ ಸಾಲಿನಿಂದ “ಒಳಗ್ಯಾರೋ ರಾಗಿ ಕೇರ್ತಾವ್ರೆ ಕಣವ್ವ” ಎಂಬ ಮಾತು ತೇಲಿಬರುತ್ತದೆ. ಅದು ನೀರೆಂದು ನಂಬಿದ ಉಳಿದವರ ತಕರಾರು ಇನ್ನೊಂದು ಥರ: ಊರಿಗೆ ನೀರು ಕೊಡುವ ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಂದರೆ ಬಂತು, ಬರದಿದ್ದರೆ ಇಲ್ಲ ಅನ್ನುವ ಊರಿನಲ್ಲಿ ಈಕೆ ಇಷ್ಟು ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಾಳೆ, ಯಾವ ವಾರ್ಡಿದು? ಮರ್ಯಾದೆಗೆಂದು ನಟಿಗೆ ನೈಟಿ ಹಾಕಿಸಿದರೆ, ನೈಟಿಯಲ್ಲಿ ಯಾರು ಸ್ನಾನ ಮಾಡುತ್ತಾರೆ ಎಂದು ನಗುವವರೂ, ಸ್ನಾನವನ್ನೇ ತೋರಿಸಿದ್ದು ಸಂಸ್ಕೃತಿಯೇ ಎಂದು ಸಿಟ್ಟಾಗುವವರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಎಷ್ಟೋ ಸಲ ಇಬ್ಬರೂ ಒಬ್ಬರೇ.

ರಕ್ತದಲ್ಲಿ ಜಿಪುಣತನ ಬೇಡ. ಚಿತ್ರದಲ್ಲಿ ಹರಿದದ್ದು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಾದ್ದರಿಂದ ನಡೆಯಿತು. ರಂಗದ ಮೇಲೆ ಅದು ಚಾಕೊಲೇಟಾಗಿಯೇ ಕಾಣುತ್ತದೆ, ಮುಂದಿನ ಸಾಲಿನ ಮಕ್ಕಳು ಕೇಳುತ್ತವೆ. ಬೆಲ್ಲದ ಪಾಕಕ್ಕೆ ಎರಡನೇ ಅಂಕದ ಹೊತ್ತಿಗೆ ಇರುವೆ ಬಂದು ಹೆಣ ಒದ್ದಾಡುತ್ತದೆ. ಕುಂಕುಮದ ನೀರು ತಳಕ್ಕೆ ಕೂರುತ್ತದೆ, ಬಟ್ಟೆ ಬಿಡುವುದಿಲ್ಲ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ 400 ಗ್ರಾಂ, ನೀರು 100 ಮಿಲಿ, ತಿನ್ನುವ ಕೆಂಪು ಬಣ್ಣ ಎರಡು ಟೀ ಚಮಚ, ಕೋಕೋ ಪುಡಿ ಒಂದು ಚಮಚ, ನೀಲಿ ಬಣ್ಣ ಎರಡೇ ಹನಿ, ಒಗೆತಕ್ಕೆ ಅನುಕೂಲವಾಗಲು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ. ಸೋಪು ಬಿದ್ದ ಮೇಲೆ ಅದನ್ನು ಬಾಯಿಗೆ ಹಾಕಬಾರದು. ರಾತ್ರಿ ಎಂದು ನೀಲಿ ಬೆಳಕು ಬಿಟ್ಟರೆ ಕೆಂಪೆಲ್ಲ ಕಪ್ಪಾಗಿ, “ಡೀಸೆಲ್ ಸೋರ್ತಾ ಐತೆ” ಎಂಬ ವ್ಯಾಖ್ಯಾನ ಬರುತ್ತದೆ. ಅಂಬರ್ ಬೆಳಕೇ ಸರಿ. ಹಿಡಿಯೊಳಗೆ ಜಾರುವ ಸ್ಪ್ರಿಂಗ್ ಚಾಕುವಿಗೆ ಈ ಪಾಕ ಸೇರಿದರೆ ಮೂರನೇ ಇರಿತಕ್ಕೆ ಸಿಕ್ಕಿಕೊಂಡು ನಿಜವಾಗಿಯೂ ಚುಚ್ಚುತ್ತದೆ. ಮೊಂಡು ಮಾಡಿದ ಅಲ್ಯೂಮಿನಿಯಂ ಪಟ್ಟಿ ಹಿಡಿದು, ಪ್ರೇಕ್ಷಕರಿಗೆ ಬೆನ್ನು ಮಾಡಿ, ಮೈಯಿಂದ ಅರ್ಧ ಅಡಿ ಆಚೆ ಗಾಳಿಗೆ ಇರಿಯಿರಿ.

ಇರಿತದ ಸದ್ದಿಗೆ ಹಿಚ್‌ಕಾಕ್ ತಂಡ ಕರಬೂಜ ಜಾತಿಯ ಹಣ್ಣಿಗೆ ಚಾಕು ಹಾಕಿತ್ತು. ನಮ್ಮಲ್ಲೂ ಕರಬೂಜ ಸಿಗುತ್ತದೆ. ಗಟ್ಟಿ ಇರುವುದನ್ನು ಆರಿಸಿ, ಪೂರ್ತಿ ಹಣ್ಣಾದದ್ದು ಪಿಚಕ್ಕೆನ್ನುತ್ತದೆ. ಕಾಸು ಉಳಿಸಲು ಬೂದುಗುಂಬಳ ತಂದರೆ ಸದ್ದೇನೋ ಚೆನ್ನ. ಆದರೆ ಹೊರಗೆ ತಂದಿಟ್ಟ ಹೋಳಿನ ಮೇಲೆ ಆ ಕೆಂಪು ಪಾಕ ಬಿದ್ದಿದ್ದನ್ನು ಕಂಡ ಕಾವಲುಗಾರ, ಅಮಾವಾಸ್ಯೆ ಅಲ್ಲದ ದಿನ ದೃಷ್ಟಿ ತೆಗೆದಿದ್ದೇಕೆಂದು ಕೇಳುತ್ತಾನೆ.

ಕತ್ತಲೆಯ ವಿಷಯ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಇಲ್ಲ. ಸಾವಿರ ವಾಟಿನ ಹ್ಯಾಲೊಜೆನ್ ಸ್ವಿಚ್ ಆರಿಸಿದ ಮೇಲೂ ತಂತಿ ಕ್ಷಣಕಾಲ ಕೆಂಪಗೆ ಉಳಿಯುತ್ತದೆ; ಕೊಲೆಗಾರ ಅಷ್ಟರಲ್ಲಿ ಅಲುಗಾಡಬಾರದು. ಬಾಗಿಲಿಗೆ ನಾಲ್ಕಡಿ ಅಂತರದಲ್ಲಿ ಎರಡು ಪದರ ಕಪ್ಪು ಪರದೆ ಕಟ್ಟಿ ಒಬ್ಬನನ್ನು ನಿಲ್ಲಿಸಿದರೆ ಹೊರಗಿನ ಟ್ಯೂಬ್‌ಲೈಟ್ ಒಳಗೆ ಬರುವುದಿಲ್ಲ. ನಿಲ್ಲಿಸಿದವನು ಚಹಾಕ್ಕೆ ಹೋಗುತ್ತಾನೆ. ಇಷ್ಟು ಸಾಲದೆ ಮೊಬೈಲುಗಳಿವೆ. ಆಟೋ ಫ್ಲ್ಯಾಶು ಹತ್ತು ಹನ್ನೆರಡು ಅಡಿ ದಾಟಿದರೆ ಬೆಳಗುವುದು ಅಷ್ಟಕ್ಕಷ್ಟೆ. ಏಳನೇ ಸಾಲಿನಿಂದ ತೆಗೆದ ಕೊಲೆಯ ಫೋಟೊದಲ್ಲಿ ಆರನೇ ಸಾಲಿನ ಬೋಳುತಲೆ ಬಿಟ್ಟು ಬೇರೇನೂ ಬಿದ್ದಿರುವುದಿಲ್ಲ. ಅದು ಸ್ಟೇಟಸ್ಸಿಗೆ ಹೋಗುತ್ತದೆ, ‘ಭಯಾನಕ ದೃಶ್ಯ’ ಎಂಬ ಒಕ್ಕಣೆಯೊಂದಿಗೆ.

ಸಂಗೀತದಲ್ಲಿ ತಂಡದೊಳಗೇ ಜಗಳ. ಮೂಲದಲ್ಲಿ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲೇ ಇಡೀ ಚಿತ್ರ ನಡೆಸಿದರು. ಆ ಪಿಟೀಲಿನ ಕಿರುಚಾಟವೇ ಅರ್ಧ ಕೊಲೆ. ಹಾರ್ಮೋನಿಯಂಗೆ ಅದು ಸಾಧ್ಯವಿಲ್ಲ, ತಿದಿಯ ಗಾಳಿ ರೀಡು ಮುಟ್ಟಿ ದನಿ ಏಳುವಷ್ಟರಲ್ಲಿ ಇರಿತ ಮುಗಿದಿರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಇದನ್ನು ಒಪ್ಪುವವರಲ್ಲ. “ಸಾಯೋ ಮುಂಚೆ ಒಂದು ಕಂದಪದ್ಯನಾದ್ರೂ ಬ್ಯಾಡವ್ರಾ? ಶಿವರಂಜನೀಲಿ ನಾನು ಎತ್ತಿ ಕೊಡ್ತೀನಿ” ಎಂದು ಪಟ್ಟು ಹಿಡಿಯುತ್ತಾರೆ. ನಿರ್ದೇಶಕ ಮಣಿದನೋ, ಮುಗಿಯಿತು. ನಾಯಕಿ ಹನ್ನೊಂದು ಇರಿತ ತಿಂದು ಗೋಡೆಗೊರಗಿ ಹಾಡುತ್ತಾಳೆ, ಸಭೆ “ಒನ್ಸ್ ಮೋರ್” ಕೂಗುತ್ತದೆ. ಒನ್ಸ್ ಮೋರ್ ಹಾಡಿಗೋ ಕೊಲೆಗೋ ಎಂದು ಸ್ಪಷ್ಟವಾಗದ ಕಾರಣ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ. ರಕ್ತದ ಪೊಟ್ಟಣ ಒಂದೇ ಕಟ್ಟಿದ್ದರೆ ಎರಡನೇ ಸಲ ಆಕೆ ಒಣಗಿ ಸಾಯುತ್ತಾಳೆ, ಎರಡು ಕಟ್ಟಿಕೊಂಡಿರಿ. ಹೆಣವಾಗಿ ಬಿದ್ದಾಗ ಮುಖ ಹಿಂದಿನ ಪರದೆಯತ್ತ ಇರಲಿ, ಉಸಿರು ಹೊಟ್ಟೆಯಿಂದ ಬರಲಿ. ಸೊಳ್ಳೆಗೆ ಮದ್ದಿಲ್ಲ. ಅದೇ ಹೊತ್ತಿಗೆ ಅಭಿಮಾನಿಯೊಬ್ಬರು 501 ರೂಪಾಯಿ ಬಹುಮಾನ ಘೋಷಿಸಿ, ಮೆಟ್ಟಿಲೇರಿ ಬಂದು, ನೋಟನ್ನು ಪಿನ್ನಿನಿಂದ ಸಿಕ್ಕಿಸಲು ಬಗ್ಗುತ್ತಾರೆ. ಪಿನ್ನು ಚುಚ್ಚಿದರೆ ಹೆಣ ಏಳುತ್ತದೆ. ಎದ್ದ ಹೆಣ ಕೈಮುಗಿದು ಮತ್ತೆ ಮಲಗುವುದು ನಮ್ಮಲ್ಲಿ ಸಭ್ಯತೆ.

ತಡವಾಗಿ ಬಂದವರು ಈಗ ಒಳಗೆ ಬರುತ್ತಾರೆ. “ಹೀರೋಯಿನ್ ಇನ್ನೂ ಬಂದಿಲ್ವಾ?”

ಮೂಲದಲ್ಲಿ ಲಾಡ್ಜಿನವನು ಹೆಣವನ್ನು ಷವರಿನ ಪರದೆಯಲ್ಲೇ ಸುತ್ತಿ, ಕಾರಿನಲ್ಲಿಟ್ಟು, ಕೆಸರುಮಡುವಿಗೆ ತಳ್ಳುತ್ತಾನೆ. ರೂಪಾಂತರದಲ್ಲಿ ಅಮಾನಿಕೆರೆ ಎಂದು ಬರೆಯಬೇಡಿ. ಅಲ್ಲಿ ಬೆಳಗ್ಗೆ ವಾಕಿಂಗ್ ಮಾಡುವ ಅರ್ಧ ಜನ ಸಭಾಂಗಣದಲ್ಲೇ ಇರುತ್ತಾರೆ. ಯಾವ ಗೇಟಿನಿಂದ ಕಾರು ಒಳಗೆ ಬಿಟ್ಟರು ಎಂದು ಎದ್ದು ನಿಂತು ಕೇಳುತ್ತಾರೆ.

ಮುಗಿದ ಮೇಲೆ ಬರುವ ವಿಮರ್ಶೆ ಒಂದೇ ವಾಕ್ಯದ್ದು: ಸಿನಿಮಾದಷ್ಟು ಹೆದರಿಕೆ ಆಗಲಿಲ್ಲ. ಆ ಬಚ್ಚಲಿನ ದೃಶ್ಯಕ್ಕೆ ಸಿನಿಮಾದವರು ಏಳು ದಿನ ತೆಗೆದುಕೊಂಡಿದ್ದರು, ಎಪ್ಪತ್ತಕ್ಕೂ ಹೆಚ್ಚು ಕೋನಗಳಿಂದ ಚಿತ್ರಿಸಿದ್ದರು, ತೆರೆಯ ಮೇಲೆ ಉಳಿದದ್ದು ಸುಮಾರು ಮುಕ್ಕಾಲು ನಿಮಿಷ. ಚಾಕು ಮೈಗಿಳಿಯುವುದು ಅಲ್ಲಿ ಕಂಡೂ ಕಾಣದಷ್ಟು ಕಡಿಮೆ. ಕಂಡೆವೆಂದು ನಾವೇ ನಂಬುತ್ತೇವೆ. ರಂಗಮಂದಿರದಲ್ಲಿ ಕೋನ ಒಂದೇ, ಟಿಕೆಟ್ಟಿನ ಮೇಲೆ ಬರೆದಿರುವ ಸೀಟು. ಅದೂ ಟಿಕೆಟ್ ಕೊಂಡವರಿಗೆ ಮಾತ್ರ; ಉಳಿದವರದು ಗೌರವ ಪಾಸು, ಎಲ್ಲಿ ಬೇಕಾದರೂ ಕೂರಬಹುದು, ನಡುವೆ ಎದ್ದು ಜಾಗ ಬದಲಿಸಲೂಬಹುದು. ಹೀಗೆ ನೋಡಿದರೆ ನಮ್ಮ ಪ್ರೇಕ್ಷಕರೂ ಏಳೆಂಟು ಕೋನ ಬದಲಿಸಿಯೇ ನಾಟಕ ನೋಡಿರುತ್ತಾರೆ.

ಇಷ್ಟೆಲ್ಲದರ ನಡುವೆ ಸಭೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಾಗಿ ನೋಡುವ ಜಾಗ ಒಂದಿದೆ. ಚಿತ್ರದ ಕೊನೆಗೆ ಮನೋವೈದ್ಯನೊಬ್ಬ ನಿಂತು, ಆದದ್ದೇನು, ಯಾಕಾಯಿತು ಎಂದು ಉದ್ದಕ್ಕೆ ವಿವರಿಸುತ್ತಾನೆ. ಆ ಮಾತನ್ನು ಪ್ರಪಂಚದ ವಿಮರ್ಶಕರು ಇಂದಿಗೂ ಬೈಯುತ್ತಾರೆ, ಚಿತ್ರದ ಓಟ ಕೆಡಿಸಿತೆಂದು. ಹಾಗೆಂದು ತುಮಕೂರಿನಲ್ಲಿ ಅದನ್ನು ಕತ್ತರಿಸಿದರೆ ಕೆಟ್ಟಿರಿ; ಸಂವಾದದಲ್ಲಿ ಮೊದಲ ಪ್ರಶ್ನೆಯೇ “ನಾಟಕದ ಸಂದೇಶ ಏನು ಸರ್?” ಎಂದಿರುತ್ತದೆ. ಕೋಟು ಹಾಕಿದವನು, ನಿಂತ ಜಾಗ ಬಿಟ್ಟು ಕದಲದವನು, ಎದುರಿನವರಿಗೆ ಗೊತ್ತಿರುವುದನ್ನೇ ಐದು ನಿಮಿಷ ಹೇಳುವವನು: ಇಡೀ ನಾಟಕದಲ್ಲಿ ಸಭೆಗೆ ಪರಿಚಯದ ಮನುಷ್ಯ ಇವನೊಬ್ಬನೇ. ಪ್ರತಿ ವಾಕ್ಯಕ್ಕೂ ಚಪ್ಪಾಳೆ. ವಂದನಾರ್ಪಣೆಯವರು ವೇಷವನ್ನೂ ಲೆಕ್ಕಿಸದೆ ಉಳಿದಿದ್ದ ಶಾಲನ್ನು ಅವನಿಗೇ ಹೊದಿಸುತ್ತಾರೆ. ಆ ಪಾತ್ರ ಮಾಡಿದ ಹುಡುಗನ ಫೋನ್ ನಂಬರನ್ನು ಮೂರು ಸಂಘಗಳವರು ಕೇಳಿ ಬರೆದುಕೊಂಡು ಹೋಗುತ್ತಾರೆ, ರಾಜ್ಯೋತ್ಸವಕ್ಕೆ ಉದ್ಘಾಟಕರು ಬೇಕಂತೆ.