ಆನೆ ಮೀನು ಸತ್ತಿದ್ದು 2022ರಲ್ಲಿ ಅಲ್ಲ

ಚೀನಾದ ಯಾಂಗ್ಟ್ಸಿ ನದಿಯಲ್ಲಿ ಒಂದು ಮೀನಿತ್ತು. ಮೂರು ಮೀಟರ್ ಉದ್ದ ಅಂದರೆ ಅದಕ್ಕೆ ಮಾಮೂಲಿ. ಏಳು ಮೀಟರಿನದ್ದೂ ಸಿಕ್ಕಿತ್ತು ಅಂತ ಹಳೇ ಮೀನುಗಾರರು ಹೇಳುತ್ತಿದ್ದರು. ಮೈಯುದ್ದದ ಕಾಲು ಭಾಗಕ್ಕೂ ಜಾಸ್ತಿ ಬರೀ ಮೂತಿ, ಕತ್ತಿಯ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಅದನ್ನು ಸೊಂಡಿಲು ಅಂದುಕೊಂಡ ಜನ ಮೀನನ್ನು ‘ಆನೆ ಮೀನು’ ಅಂತ ಕರೆದರು. ಸಾವಿರ ಜಿನ್ ತೂಗೋದು ಸ್ಟರ್ಜನ್, ಹತ್ತು ಸಾವಿರ ಜಿನ್ ತೂಗೋದು ಆನೆ ಮೀನು ಅಂತ ನದಿಯ ಮೇಲ್ಭಾಗದ ಸಿಚುವಾನ್ ಪ್ರಾಂತ್ಯದ ಬೆಸ್ತರಲ್ಲಿ ಒಂದು ಮಾತೇ ಇತ್ತು. ಸ್ಟರ್ಜನ್ ಅಂದರೆ ಅದೇ ನದಿಯ ಇನ್ನೊಂದು ದೊಡ್ಡ ಮೀನು. ಒಂದು ಜಿನ್ ಅಂದರೆ ಅರ್ಧ ಕಿಲೋ. ಐದು ಟನ್ನಿನ ಮೀನು ನಿಜಕ್ಕೂ ಇರಲಿಲ್ಲ. ಆದರೆ ದೋಣಿಯ ಪಕ್ಕ ಅದು ಮೇಲೆದ್ದು ಬಂದಾಗ ನೋಡಿದವರಿಗೆ ಹಾಗೇ ಅನ್ನಿಸಿರಬೇಕು.

ಇಂಗ್ಲಿಷಿನಲ್ಲಿ ಇದು ಚೈನೀಸ್ ಪ್ಯಾಡಲ್‌ಫಿಶ್. ಇದರ ವಂಶ ಡೈನೋಸಾರ್‌ಗಳ ಕಾಲದ್ದು. ಆ ಮೂತಿ ಅಂದಕ್ಕೆ ಇದ್ದದ್ದಲ್ಲ. ಬೇರೆ ಮೀನು ಈಜುವಾಗ ಅದರ ಮೈಯಿಂದ ಹೊರಡುವ ಸಣ್ಣ ವಿದ್ಯುತ್ತನ್ನು ಹಿಡಿಯುವ ರಂಧ್ರಗಳು ಮೂತಿಯ ತುಂಬ ಇದ್ದವು. ಯಾಂಗ್ಟ್ಸಿಯ ಕೆಂಪು ಮಣ್ಣಿನ ನೀರಲ್ಲಿ ಕಣ್ಣಿಗೆ ಏನು ಕಾಣುತ್ತೆ ಹೇಳಿ? ಕಾಣದೇ ಇದ್ದದ್ದನ್ನು ಈ ಮೀನು ಮೂತಿಯಿಂದಲೇ ತಿಳಿದುಕೊಳ್ಳುತ್ತಿತ್ತು.

2022ರ ಜುಲೈನಲ್ಲಿ ಐಯುಸಿಎನ್, ಅಂದರೆ ಅಳಿವಿನಂಚಿನ ಜೀವಿಗಳ ಪಟ್ಟಿ ಇಡುವ ಅಂತರರಾಷ್ಟ್ರೀಯ ಸಂಸ್ಥೆ, ಇದು ಅಳಿದುಹೋಗಿದೆ ಅಂತ ಘೋಷಿಸಿತು. ಸುದ್ದಿ ಓದಿದವರೆಲ್ಲ ‘ಅಯ್ಯೋ’ ಅಂದರು. ನಾನೂ ಅಂದೆ. ಆಮೇಲೆ ಕೂತು ಓದುತ್ತಾ ಹೋದ ಹಾಗೆ ಸಂಕಟದ ಜೊತೆ ಸಿಟ್ಟೂ ಬಂತು. ಯಾಕಂದ್ರೆ ಆ ಇಸವಿಯೇ ತಪ್ಪು. ಈ ಮೀನಿನ ಕಥೆ ಮುಗಿದದ್ದು 1981ರ ಜನವರಿಯಲ್ಲಿ, ಹುಬೇ ಪ್ರಾಂತ್ಯದ ಯಿಚಾಂಗ್ ಊರಿನ ಹತ್ತಿರ ಗೆಝೌಬಾ ಡ್ಯಾಂಗಾಗಿ ನದಿಗೆ ಅಡ್ಡ ಕಟ್ಟಿದಾಗ.

ಅದರ ಬದುಕೇ ಹಾಗಿತ್ತು. ಬೆಳೆಯೋದು ಕೆಳಗೆ, ಸಮುದ್ರ ಸೇರುವ ಅಳಿವೆಯ ಕಡೆ. ಮೊಟ್ಟೆ ಇಡೋಕೆ ಮಾತ್ರ ಸಾವಿರಾರು ಕಿಲೋಮೀಟರ್ ಮೇಲಕ್ಕೆ, ಸಿಚುವಾನಿನ ಕಲ್ಲುಗುಂಡಿನ ಮಡುಗಳಿಗೆ ಹೋಗಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಹೋಗ್ತಾರಲ್ಲ, ಹಾಗೆ. ಆ ತವರಿನ ದಾರಿಗೆ ಗೋಡೆ ಎದ್ದಿತು. ಮೀನು ಹತ್ತಿ ಹೋಗಲು ಮೆಟ್ಟಿಲಿನಂಥ ಒಂದು ದಾರಿ ಬಿಡಬಹುದಿತ್ತು, ಬಿಡಲಿಲ್ಲ. ಸ್ಟರ್ಜನ್ ಮೀನುಗಳನ್ನು ಕೊಳದಲ್ಲಿ ಮರಿ ಮಾಡಿಸಿ ನದಿಗೆ ಬಿಡುವ ಕೆಲಸವಾದರೂ ನಡೆಯಿತು. ಆನೆ ಮೀನನ್ನು ಸಾಕಿ ಮರಿ ಮಾಡಿಸಲು ಯಾರಿಂದಲೂ ಆಗಲೇ ಇಲ್ಲ.

ಡ್ಯಾಂ ಒಂದೇ ಕಾರಣ ಅಂತ ನಾನು ಹೇಳಲ್ಲ. 1970ರ ದಶಕದಲ್ಲಿ ವರ್ಷಕ್ಕೆ ಸುಮಾರು 25 ಟನ್ ಆನೆ ಮೀನು ಹಿಡಿಯುತ್ತಿದ್ದರು. ನಿಧಾನವಾಗಿ ಬೆಳೆದು ತಡವಾಗಿ ಮೊಟ್ಟೆಗೆ ಬರುವ ಮೀನು ಅದನ್ನು ಹೇಗೆ ತಡೆದುಕೊಳ್ಳುತ್ತೆ? ಆದರೆ ಬಲೆಗೆ ಬಿದ್ದ ನಷ್ಟವನ್ನು ಮರಿಗಳು ತುಂಬಬಹುದು. ಮರಿಯೇ ಹುಟ್ಟದ ಹಾಗೆ ಆದ ಮೇಲೆ ತುಂಬೋರು ಯಾರು?

1989ರಲ್ಲಿ ಚೀನಾ ಸರ್ಕಾರ ಇದನ್ನು ಮೊದಲ ದರ್ಜೆಯ ರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ನದಿಗೆ ಅಡ್ಡ ಕಟ್ಟಿ ಎಂಟು ವರ್ಷ ಕಳೆದಿತ್ತು. ವಿಜ್ಞಾನಿಗಳ ಲೆಕ್ಕದ ಪ್ರಕಾರ 1993ರ ಹೊತ್ತಿಗೆ ಸಂತಾನ ಮುಂದುವರಿಸುವಷ್ಟು ಮೀನು ಉಳಿದಿರಲಿಲ್ಲ. ಅಲ್ಲೊಂದು ಇಲ್ಲೊಂದು ಈಜುತ್ತಿದ್ದವು, ಅಷ್ಟೇ. ಒಂದಕ್ಕೊಂದು ಸಿಗುತ್ತಿರಲಿಲ್ಲ.

2003ರ ಜನವರಿ 24ರಂದು ಸಿಚುವಾನಿನ ಯಿಬಿನ್ ಊರಿನ ಹತ್ತಿರ ಒಂದು ಹೆಣ್ಣು ಮೀನು ಬಲೆಗೆ ಸಿಕ್ಕಿತು. ಮೂರೂವರೆ ಮೀಟರ್ ಉದ್ದ, ಹೊಟ್ಟೆಯಲ್ಲಿ ಮೊಟ್ಟೆ. ಅಂದರೆ ಅದು ಇನ್ನೂ ಗಂಡು ಮೀನನ್ನು ಹುಡುಕುತ್ತಿತ್ತು. ವಿಜ್ಞಾನಿ ವೇಯ್ ಚಿವೇಯ್ ಅವರ ತಂಡ ಓಡಿ ಬಂತು. ಗಾಯಕ್ಕೆ ಚಿಕಿತ್ಸೆ ಮಾಡಿದರು. ಶಬ್ದ ಹೊರಡಿಸುವ ಒಂದು ಟ್ಯಾಗ್ ಕಟ್ಟಿ 27ನೇ ತಾರೀಕು ನದಿಗೆ ಬಿಟ್ಟರು. ದೋಣಿಯಲ್ಲಿ ಅದರ ಹಿಂದೆಯೇ ಹೋದರು. ಅದು ಎಲ್ಲಿ ಮೊಟ್ಟೆ ಇಡುತ್ತೆ, ಜೊತೆಗೆ ಇನ್ನೊಂದು ಮೀನು ಇದೆಯಾ ಅಂತ ತಿಳಿಯಬೇಕಿತ್ತು. ಒಂದೆರಡು ದಿನದಲ್ಲಿ ದೋಣಿ ಬಂಡೆಗೆ ಬಡಿದು ಕೆಟ್ಟು ನಿಂತಿತು. ಚೀನಿಯರ ಹೊಸ ವರ್ಷದ ಹಬ್ಬದ ಸಮಯ ಬೇರೆ. ರಿಪೇರಿ ಮುಗಿಸಿ ಮತ್ತೆ ಹೊರಟಾಗ ಟ್ಯಾಗಿನ ಶಬ್ದ ಎಲ್ಲೂ ಇರಲಿಲ್ಲ. ಆಮೇಲೆ ಆ ಜಾತಿಯ ಮೀನನ್ನು ಜೀವಂತ ಕಂಡವರಿಲ್ಲ. 2017 ಮತ್ತು 2018ರಲ್ಲಿ ಇಡೀ ಯಾಂಗ್ಟ್ಸಿ ಜಾಲಾಡಿದರು. 332 ಜಾತಿಯ ಮೀನು ಸಿಕ್ಕವು. ಆನೆ ಮೀನು ಸಿಗಲಿಲ್ಲ. 2021ರಿಂದ ಆ ನದಿಯಲ್ಲಿ ಹತ್ತು ವರ್ಷ ಮೀನು ಹಿಡಿಯೋದನ್ನೇ ನಿಲ್ಲಿಸಿದ್ದಾರೆ. ಒಳ್ಳೆಯದು. ಉಳಿದ ಮೀನುಗಳಿಗಾದರೂ ಆಯಿತು.

ದೂರದ ಚೀನಾದ ಮೀನಿಗೆ ಇಷ್ಟು ಯಾಕೆ ಅಂತ ಕೇಳಬಹುದು. ನಮ್ಮ ತಾತನ ಊರು ಕಾವೇರಿ ದಂಡೆಯಲ್ಲಿ. ಬಿಳಿ ಮೀನಿನ, ಅಂದರೆ ಮಹಶೀರ್ ಮೀನಿನ, ಹುರುಪೆ ಎಷ್ಟು ದೊಡ್ಡದು ಅಂತ ಕೇಳಿದರೆ ತಾತ ಅಂಗೈ ಬಿಡಿಸಿ ತೋರಿಸೋರು. ಬೆನ್ನ ಮೇಲೆ ಡುಬ್ಬ ಇರುವ ಆ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಅವರ ಗಾಳಕ್ಕೆ ಸಿಕ್ಕ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ. ಬ್ರಿಟಿಷರ ಕಾಲದಿಂದ ಅಷ್ಟು ಹೆಸರಾಗಿದ್ದ ಈ ಮೀನು ಯಾವ ಜಾತಿಯದ್ದು ಅಂತ ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಕಾಣೆಯಾಗುವ ಹಂತದಲ್ಲಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆನೆ ಮೀನು ಯಾವಾಗ ಹೋಯಿತು ಅಂತ ಲೆಕ್ಕ ಹಾಕಿದ್ದು ಹೇಗೆ ಗೊತ್ತಾ? 1981ರಿಂದ 2003ರವರೆಗೆ ಅದನ್ನು ಕಂಡ 210 ದಾಖಲೆಗಳನ್ನು ಇಟ್ಟುಕೊಂಡು. ಯಾವ ಊರು, ಯಾವ ವರ್ಷ, ಎಷ್ಟು ದೊಡ್ಡದು ಅಂತ ಯಾರೋ ಬರೆದಿಟ್ಟಿದ್ದರು. ನಮ್ಮ ತಾತ ಅಂಗೈ ತೋರಿಸಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ.

ಅದಕ್ಕೇ ಕೇಳ್ತಿದ್ದೀನಿ. ಕೊಡಗಿನಿಂದ ಹಿಡಿದು ಶ್ರೀರಂಗಪಟ್ಟಣ, ಶಿವನಸಮುದ್ರ, ಮುತ್ತತ್ತಿ, ಸಂಗಮದವರೆಗೆ ಕಾವೇರಿ ದಂಡೆಯಲ್ಲಿ ನಿಮ್ಮ ಅಜ್ಜ, ದೊಡ್ಡಪ್ಪ, ಸೋದರಮಾವ ಯಾರಾದರೂ ಡುಬ್ಬದ ಬಿಳಿ ಮೀನು ನೋಡಿದ್ದರೆ, ಹಿಡಿದಿದ್ದರೆ, ಇವತ್ತೇ ಅವರ ಹತ್ತಿರ ಕೂತು ಕೇಳಿ. ಯಾವ ಮಡುವಿನಲ್ಲಿ, ಯಾವ ತಿಂಗಳಲ್ಲಿ, ಕೊನೇ ಸಲ ಕಂಡಿದ್ದು ಯಾವಾಗ? ಇಸವಿ ನೆನಪಿಲ್ಲ ಅಂದರೆ ಯಾರ ಮದುವೆಯ ವರ್ಷ, ಯಾವ ಬರಗಾಲದ ಮುಂಚೆ ಅಂತ ಕೇಳಿ. ಹೇಳಿದ್ದನ್ನು ಹೇಳಿದ ಹಾಗೇ ಇಲ್ಲಿ ಕೆಳಗೆ ಬರೆಯಿರಿ.