ಮೂರು ಕ್ಲಾಸು ಒಂದೇ ಕೋಣೆಯಲ್ಲಿದ್ದರೆ ಅದು ಕೊರತೆಯಲ್ಲ

ಜೂನ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಸರ್ಕಾರಿ ಶಾಲೆಗಳ ಬಾಗಿಲಲ್ಲಿ ಒಂದು ಪ್ರಶ್ನೆ ಕೇಳಿಸಿಯೇ ಕೇಳಿಸುತ್ತದೆ. "ಮಿಸ್, ಒಂದು, ಎರಡು, ಮೂರು, ಮೂರೂ ಕ್ಲಾಸಿನವರನ್ನ ಒಟ್ಟಿಗೆ ಕೂರಿಸ್ತೀರಂತೆ. ಹಂಗಾದ್ರೆ ನಮ್ಮ ಹುಡುಗಂಗೆ ಪಾಠ ಯಾವಾಗ ಮಾಡ್ತೀರಾ?" ಕೇಳುವವರದು ತಪ್ಪಲ್ಲ. ಸಾಲಾಗಿ ಬೆಂಚು, ಎದುರಿಗೆ ಬೋರ್ಡು, ಕ್ಲಾಸಿಗೊಂದು ಕೋಣೆ, ಶಾಲೆ ಅಂದರೆ ಇದೇ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಜೊತೆಗೆ ಪೇಟೆಯ ಕಾನ್ವೆಂಟ್ ವ್ಯಾನು ದಿನಾ ಬೆಳಿಗ್ಗೆ ಮನೆ ಮುಂದೆಯೇ ಹಾರ್ನ್ ಹೊಡೆಯುತ್ತದೆ. ನಾನು ನಲಿಕಲಿ ತರಗತಿ ನೋಡಿಕೊಳ್ಳುವ ಟೀಚರ್. ನಲಿಕಲಿ ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಬಾಗಿಲಲ್ಲಿ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಮಕ್ಕಳು ಕಡಿಮೆ ಇರುವ ಶಾಲೆಯ ಹಣೆಬರಹ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆರು, ಏಳು, ಎಂಟು ವರ್ಷದವರಿಗೆ, ಅದರಲ್ಲೂ ನಮ್ಮ ಮಲೆನಾಡಿನ ಮಕ್ಕಳಿಗೆ, ಇದೇ ಹೊಂದುವ ಕ್ಲಾಸು. ಆದರೆ ಟೀಚರ್ ಒಂದನೇ ಕ್ಲಾಸು, ಎರಡನೇ ಕ್ಲಾಸು ಅನ್ನುವ ಲೆಕ್ಕವನ್ನು ತಲೆಯಿಂದ ತೆಗೆದುಹಾಕಬೇಕು. ಇಪ್ಪತ್ತು ನಿಮಿಷ ಇವರಿಗೆ, ಇಪ್ಪತ್ತು ನಿಮಿಷ ಅವರಿಗೆ ಅಂತ ಹಂಚಿದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಒಂದು ಗುಂಪಿಗೆ ಪಾಠ ಆಗುವಾಗ ಉಳಿದ ಎರಡು ಗುಂಪು ಸುಮ್ನೆ ಕಾಪಿ ಬರೆಯುತ್ತಾ ಕೂರುತ್ತದೆ. ಈಗ ನನ್ನ ಪಕ್ಕದಲ್ಲಿ ಯಾರು ಇರಲೇಬೇಕು? ನಾನಿಲ್ಲದೆಯೂ ಯಾರ ಕೆಲಸ ಸಾಗುತ್ತದೆ? ಇಡೀ ದಿನದ ತಯಾರಿ ಈ ಎರಡು ಪ್ರಶ್ನೆಯ ಮೇಲೆ ನಿಂತಿದೆ.

ಇದೇನು ಯಾರೋ ಕಚೇರಿಯಲ್ಲಿ ಕೂತು ಹೇರಿದ ಪದ್ಧತಿಯಲ್ಲ. ಆಂಧ್ರದ ಮದನಪಲ್ಲಿ ಹತ್ತಿರ ರಿಷಿವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗೆ ಕಾರ್ಡು ಮಾಡಿದ್ದರು, ಒಂದೊಂದು ಕಾರ್ಡಿನಲ್ಲಿ ಒಂದೊಂದು ಪುಟ್ಟ ಕಲಿಕೆಯ ಕೆಲಸ. ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಹೋಗಿ ಅದನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ನಲಿಕಲಿ ಶುರು ಮಾಡಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದಕ್ಕೂ ಎಷ್ಟೋ ಹಿಂದೆ, ನಮ್ಮೂರುಗಳ ಕೂಲಿಮಠಗಳಲ್ಲಿ ಎಲ್ಲ ವಯಸ್ಸಿನ ಹುಡುಗರೂ ಒಬ್ಬರೇ ಐಗಳ ಮುಂದೆ ಕೂತು ಮರಳ ಮೇಲೆ ಅಕ್ಷರ ತಿದ್ದುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ವಯಸ್ಸಿಗೊಂದು ಕೋಣೆ ಅನ್ನುವುದು ಆಮೇಲೆ ಬಂದದ್ದು.

ಕೋಣೆಯೊಳಗೆ ಏನು ನಡೆಯುತ್ತೆ ಅಂತ ಹೇಳುತ್ತೇನೆ. ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಅಂದರೆ ಗುಂಪು. ಮೊದಲ ತಟ್ಟೆಯವರಿಗೆ ಟೀಚರ್ ಪೂರ್ತಿ ಜೊತೆಗಿರಬೇಕು. ಎರಡನೆಯವರಿಗೆ ಆಗಾಗ ಬಂದು ನೋಡಿದರೆ ಸಾಕು. ಮೂರು ಮತ್ತು ನಾಲ್ಕರಲ್ಲಿ ಗೆಳೆಯರ ಸಹಾಯ, ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಐದನೆಯದರಲ್ಲಿ ಮಗು ತಾನೇ ಮಾಡುತ್ತದೆ. ಮಗು ಯಾವ ಕ್ಲಾಸು ಅನ್ನುವುದರ ಮೇಲೆ ತಟ್ಟೆ ತೀರ್ಮಾನ ಆಗುವುದಿಲ್ಲ, ಅದರ ಕೈಯಲ್ಲಿರುವ ಕಾರ್ಡಿನ ಮೇಲೆ ಆಗುತ್ತದೆ. ಹೊಸ ವಿಷಯದ ಕಾರ್ಡು ಬಂದರೆ ಮೂರನೇ ಕ್ಲಾಸಿನವಳೂ ಮೊದಲ ತಟ್ಟೆಗೆ ಬರುತ್ತಾಳೆ. ಅಭ್ಯಾಸದ ಕಾರ್ಡಾದರೆ ಒಂದನೇ ಕ್ಲಾಸಿನವನೂ ಐದರಲ್ಲಿ ಕೂರುತ್ತಾನೆ. ಗೋಡೆಯ ಮೇಲೆ ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ನೋಡಿ ತಾನು ಎಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಅಂತ ಮಗುವೇ ಹುಡುಕಿಕೊಳ್ಳುತ್ತದೆ. ಇನ್ನೂ ಓದಲು ಬಾರದ ಮಗುವೂ ಕಾರ್ಡಿನ ಮೇಲಿನ ಚಿತ್ರ ನೋಡಿ ಹುಡುಕುತ್ತದೆ.

ಅಕ್ಷರ ಕಲಿಸುವ ಕ್ರಮ ನನಗೆ ಬಹಳ ಇಷ್ಟ. ಅ ಆ ಇ ಈ ಅಂತ ಸಾಲು ಒಪ್ಪಿಸುವುದಿಲ್ಲ. ರ, ಗ, ಸ, ದ, ಅ, ಇವಿಷ್ಟು ಮೊದಲು. ಇವಿಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಆಗುತ್ತವೆ. ಶಾಲೆಗೆ ಸೇರಿ ಸ್ವಲ್ಪ ದಿನಕ್ಕೇ ಮಗು 'ಗರಗಸ' ಅಂತ ತಾನೇ ಓದಿ ತಲೆ ಎತ್ತುತ್ತದಲ್ಲ, ಅದನ್ನು ಪಕ್ಕದಲ್ಲಿ ಕೂತು ನೋಡಬೇಕು. "ನಮ್ಮಪ್ಪನ ಹತ್ರ ಗರಗಸ ಇದೆ ಮಿಸ್, ಸಿಲ್ವರ್ ಮರದ ಕೊಂಬೆ ಕುಯ್ಯೋದು" ಅಂತ ಒಬ್ಬ ಹೇಳಿದ. ಆಮೇಲೆ ಅರ್ಧ ಗಂಟೆ ಕೋಣೆಯಲ್ಲಿ ತೋಟದ ಮಾತೇ ಮಾತು. ಮೂರನೇ ಕ್ಲಾಸಿನವರು ಅದನ್ನೇ ನಾಲ್ಕು ಸಾಲು ಬರೆದರು, ಎರಡನೆಯವರು ತೋಟದಲ್ಲಿ ಬಳಸುವ ಸಾಮಾನಿನ ಹೆಸರು ಬರೆದರು, ಚಿಕ್ಕವರು ಚಿತ್ರ ಬಿಡಿಸಿದರು. ಹಾಳೆಗಳನ್ನೆಲ್ಲ ತಲೆ ಮೇಲಿನ ಚಪ್ಪರದ ದಾರಕ್ಕೆ ಸಿಕ್ಕಿಸಿದೆವು. ಒಂದು ಮಾತು, ಮೂರು ಥರದ ಕೆಲಸ. ಹೊಸದಾಗಿ ಬರುವ ಟೀಚರುಗಳಿಗೆ ನಾನು ಹೇಳುವುದು ಇದನ್ನೇ. ಮೂರು ಪಾಠ ತಯಾರಿ ಮಾಡಬೇಡಿ, ಒಂದನ್ನೇ ತಗೊಂಡು ಮೂರು ಎತ್ತರದಲ್ಲಿ ಇಡಿ.

ಗಣಿತಕ್ಕೂ ಇದೇ ದಾರಿ. ನಮ್ಮಲ್ಲಿ ಕಾಫಿ ಬೀಜಕ್ಕೆ ಬರವಿಲ್ಲ. ಚಿಕ್ಕವರು ಎಣಿಸುತ್ತಾರೆ, ನಡುವಿನವರು ಹತ್ತು ಹತ್ತರ ಗುಡ್ಡೆ ಮಾಡುತ್ತಾರೆ, ದೊಡ್ಡವರು ಅದನ್ನೇ ಇಟ್ಟುಕೊಂಡು ಸಂತೆ ನಡೆಸಿ ಚಿಲ್ಲರೆ ಕೊಡುತ್ತಾರೆ.

ನಮ್ಮ ಸೀಮೆಗೆ ಇದು ಯಾಕೆ ಹೊಂದುತ್ತದೆ ಅಂದರೆ, ಇಲ್ಲಿನ ಮಕ್ಕಳು ವರ್ಷವಿಡೀ ತಪ್ಪದೆ ಶಾಲೆಗೆ ಬರಲು ಆಗುವುದೇ ಇಲ್ಲ. ಜುಲೈ ಮಳೆಯಲ್ಲಿ ಹಳ್ಳ ತುಂಬಿದರೆ ಆಚೆ ದಡದವರು ಬರುವುದಿಲ್ಲ. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುತ್ತಿದೆ ಅಂತ ಸುದ್ದಿ ಬಂದ ದಿನ ತೋಟದ ದಾರಿಯಲ್ಲಿ ಮಗುವನ್ನು ಯಾರು ಕಳಿಸುತ್ತಾರೆ? ಕಾಫಿ ಹಣ್ಣು ಕುಯ್ಲಿನ ಕಾಲಕ್ಕೆ ಬಯಲುಸೀಮೆಯಿಂದ, ದೂರದ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳು ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುತ್ತಾರೆ. ಸೀಸನ್ ಮುಗಿದರೆ ಎಷ್ಟೋ ಜನ ಹೊರಟುಹೋಗುತ್ತಾರೆ. ಪುಸ್ತಕದ ಕ್ಲಾಸಿನಲ್ಲಿ ಎರಡು ವಾರ ತಪ್ಪಿಸಿಕೊಂಡ ಮಗು ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಅಲ್ಲಿಂದ ಹಿಂದೆ ಬಿದ್ದದ್ದು ಹಿಂದೆಯೇ. ಏಣಿಯಲ್ಲಿ ಹಾಗಲ್ಲ. ಎಲ್ಲಿ ನಿಲ್ಲಿಸಿತ್ತೋ ಆ ಕಾರ್ಡು ಅಲ್ಲೇ ಕಾದಿರುತ್ತದೆ. ಎಂಟು ವರ್ಷವಾದರೂ ಶಾಲೆಯ ಮುಖ ಕಾಣದ ಮಗು ಬಂದರೆ ಕಾನೂನಿನ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು. ಅದು ಮೂರನೇ ಕ್ಲಾಸಿನವರ ಜೊತೆ ಆಡುತ್ತದೆ, ಕಾರ್ಡು ಮಾತ್ರ ಮೊದಲಿನಿಂದ. ಪಕ್ಕದಲ್ಲಿ ಕೂತವರದೂ ಬೇರೆ ಬೇರೆ ಕಾರ್ಡೇ ಆಗಿರುವುದರಿಂದ ಅದನ್ನು ನೋಡಿ ಯಾರೂ ನಗುವುದಿಲ್ಲ. ನನ್ನ ಮಟ್ಟಿಗೆ ಈ ಒಂದು ಕಾರಣವೇ ಸಾಕು.

ಇದು ತಾನಾಗಿಯೇ ನಡೆಯುತ್ತದೆ ಅಂತ ಯಾರೂ ತಿಳಿಯಬೇಡಿ. ಜೂನ್ ತಿಂಗಳ ಮೊದಲ ವಾರಗಳಲ್ಲಿ ನಾನು ಓದು ಬರಹಕ್ಕಿಂತ ಜಾಸ್ತಿ ಕಲಿಸುವುದು ಕೋಣೆಯ ರೂಢಿಗಳನ್ನು. ಕಾರ್ಡು ಎಲ್ಲಿಂದ ತೆಗೆಯಬೇಕು, ಎಲ್ಲಿ ವಾಪಸ್ ಇಡಬೇಕು, ಮಿಸ್ ಮೊದಲ ತಟ್ಟೆಯಲ್ಲಿ ಕೂತಿದ್ದಾಗ ಅನುಮಾನ ಬಂದರೆ ಮೊದಲು ಯಾರನ್ನು ಕೇಳಬೇಕು, ಇಂಥವು. ಕಾರ್ಡಿನ ಹಲಗೆ ಅತಿ ಕುಳ್ಳ ಮಗುವಿಗೂ ಎಟುಕಬೇಕು. ಎಟುಕದಿದ್ದರೆ ಪ್ರತಿ ಕಾರ್ಡಿಗೂ ಟೀಚರೇ ಏಳಬೇಕಾಗುತ್ತದೆ, ಮೊದಲ ತಟ್ಟೆ ಅಲ್ಲಿಗೆ ಒಡೆಯಿತು. ಸಂಜೆ ಹೊರಡುವ ಮುಂಚೆ ಯಾರು ಎಲ್ಲಿಯವರೆಗೆ ಕಲಿತಿದ್ದಾರೆ ಅಂತ ತೋರಿಸುವ ಪ್ರಗತಿ ನೋಟದ ಮೇಲೆ ಒಂದು ಸಲ ಕಣ್ಣಾಡಿಸಿ, ನಾಳೆ ನನ್ನ ಪಕ್ಕ ಕೂರಬೇಕಾದವರ ಹೆಸರು ಬರೆದಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಬಂದು ಯೋಚಿಸುತ್ತೇನೆ ಅಂದರೆ ಗಲಾಟೆ ಶುರುವಾಗಿರುತ್ತದೆ.

ಇನ್ನೊಂದು ಮಾತು, ಇದು ನಮ್ಮ ಟೀಚರುಗಳಿಗೇ. ಚೂಟಿಯಾದ ಮಕ್ಕಳನ್ನು, ಹೆಚ್ಚಾಗಿ ಹೆಣ್ಣುಮಕ್ಕಳನ್ನು, ದಿನಾ ಚಿಕ್ಕವರಿಗೆ ಹೇಳಿಕೊಡುವ ಕೆಲಸಕ್ಕೇ ಹಚ್ಚಿಬಿಡುತ್ತೇವೆ. ಹೇಳಿಕೊಡುವುದರಿಂದ ಕಲಿಕೆ ಗಟ್ಟಿಯಾಗುತ್ತದೆ, ನಿಜ. ಆದರೆ ಆ ಹುಡುಗಿಗೂ ತನ್ನದೇ ಕಾರ್ಡಿದೆ, ತನ್ನದೇ ಹಸಿವಿದೆ. ಅವಳು ನಮ್ಮ ಸಹಾಯಕಿ ಅಲ್ಲ. ಸರದಿ ಮಾಡಿ, ಎಲ್ಲರಿಗೂ ಆ ಅವಕಾಶ ಸಿಗಲಿ. ತಡವಾಗಿ ಕಲಿಯುವ ಹುಡುಗನಿಗೂ ಹೇಳಿಕೊಡಲು ಬರುವ ಒಂದು ಹಾಡೋ ಆಟವೋ ಇದ್ದೇ ಇರುತ್ತದೆ.

ನಲಿಕಲಿಯ ಮೇಲಿನ ದೂರುಗಳು ನನಗೂ ಗೊತ್ತು. ಕಾರ್ಡು ಹರಿದಿರುತ್ತವೆ, ಕಳೆದಿರುತ್ತವೆ. ದಾಖಲೆ ತುಂಬುವುದರಲ್ಲೇ ಹೊತ್ತು ಹೋಗುತ್ತದೆ. ನಾಲ್ಕನೇ ಕ್ಲಾಸಿಗೆ ಹೋದ ಕೂಡಲೇ ದಪ್ಪ ಪುಸ್ತಕ ನೋಡಿ ಕೆಲವರು ತಬ್ಬಿಬ್ಬಾಗುತ್ತಾರೆ. ಇವೆಲ್ಲ ಸರಿಪಡಿಸಬೇಕಾದವೇ. ಕಾರ್ಡು ಬದಲಾಗಲಿ, ಏಣಿ ಬದಲಾಗಲಿ, ಮೂರನೇ ಕ್ಲಾಸಿನ ಕೊನೆಗೆ ಕಥೆಪುಸ್ತಕದ ಓದು ಜಾಸ್ತಿಯಾಗಲಿ. ಆದರೆ ಫಲಿತಾಂಶ ಸಾಲದು ಅಂತ ಮತ್ತೆ ಎಲ್ಲರನ್ನೂ ಒಂದೇ ಪುಟದಲ್ಲಿ ಕೂರಿಸಲು ಹೊರಟರೆ ನಾನು ಜಗಳವಾಡುತ್ತೇನೆ. ಮಕ್ಕಳು ಕಡಿಮೆ ಇದ್ದಾರೆ ಅಂತ ಊರ ಶಾಲೆ ಮುಚ್ಚುವ ಮಾತಿಗೂ ಅಷ್ಟೇ. ಹನ್ನೆರಡು ಮಕ್ಕಳ ಮಿಶ್ರ ಕ್ಲಾಸು ಚೆನ್ನಾಗಿ ನಡೆಯಬಲ್ಲದು. ಆರು ವರ್ಷದ ಮಗು ಆ ಮಳೆಯಲ್ಲಿ, ಆ ದಾರಿಯಲ್ಲಿ ದಿನಾ ದೂರದ ಶಾಲೆಗೆ ಹೋಗಿಬರುವುದು ಆಗದ ಮಾತು.

ಆದರೆ ಒಟ್ಟಿಗೆ ಕೂರಿಸುವುದು ಒಳ್ಳೆಯದು ಅಂದ ಮಾತ್ರಕ್ಕೆ ಒಬ್ಬರೇ ಟೀಚರ್ ಸಾಕು ಅಂತ ಅರ್ಥವಲ್ಲ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ಕ್ಲಾಸಿನ ಶಾಲೆಗೆ, ಮಕ್ಕಳು ಅರವತ್ತರ ಒಳಗಿದ್ದರೂ, ಇಬ್ಬರು ಶಿಕ್ಷಕರು ಅಂತ ಹೇಳುತ್ತದೆ. ಒಬ್ಬರು ನಲಿಕಲಿಗೆ, ಒಬ್ಬರು ನಾಲ್ಕು ಐದಕ್ಕೆ. ಅದರಲ್ಲಿ ಒಬ್ಬರನ್ನು ಸಮೀಕ್ಷೆಗೋ ಚುನಾವಣೆ ಕೆಲಸಕ್ಕೋ ಕರೆದುಕೊಂಡರೆ ಉಳಿದವರು ಬಿಸಿಯೂಟದ ಲೆಕ್ಕ ಬರೆಯುತ್ತಾ ಐದು ಕ್ಲಾಸು ಕಾಯಬೇಕು. ಆಗ ತಟ್ಟೆಯೂ ಇಲ್ಲ, ಏಣಿಯೂ ಇಲ್ಲ, ಬರೀ ಕೂರಿಸಿಕೊಂಡಿರುವುದು. ಹೊರಗಿನವರು ಬಂದು ನೋಡುವುದು ಇಂಥ ದಿನವೇ. ನಲಿಕಲಿ ಅಂದರೆ ಇಷ್ಟೇ ಅಂದುಕೊಂಡು ಹೋಗುತ್ತಾರೆ.

ಈ ಜೂನ್‌ಗೆ ಮಗುವನ್ನು ಸೇರಿಸುವವರು ನಿಮ್ಮೂರ ಶಾಲೆಗೆ ಹೋಗಿ ಒಂದು ಗಂಟೆ ಹಿಂದೆ ಕೂತು ನೋಡಿ. ನಿಮ್ಮ ಮಗುವಿನ ಕೈಗೆ ಯಾವ ಕಾರ್ಡು ಬರುತ್ತೆ, ಯಾರ ಪಕ್ಕ ಕೂರುತ್ತೆ ಅಂತ ಟೀಚರನ್ನು ಕೇಳಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕಾಂಪೌಂಡು, ಬಣ್ಣದ ಮಾತಿನ ಜೊತೆ ಇದನ್ನೂ ಕೇಳಿ: ಕಾರ್ಡಿನ ಸೆಟ್ ಪೂರ್ತಿ ಇದೆಯಾ, ಎರಡನೇ ಟೀಚರ್ ಯಾವಾಗ ಬರುತ್ತಾರೆ? ನೀವು ಕೇಳಿದರೆ ಆ ಮಾತು ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯವರೆಗೆ ಹೋಗುತ್ತದೆ.