ರಜೆ ಕೇಳದ ಸಹೋದ್ಯೋಗಿ

ನಿನ್ನೆ ಕಚೇರಿಯಲ್ಲಿ ನಮ್ಮ ಕೆಲಸ ಮಾಡಬಲ್ಲ ಹೊಸ ಸಾಫ್ಟ್‌ವೇರಿನ ಗುಣಗಾನಕ್ಕೆಂದೇ ಒಂದು ಸಭೆ ನಡೆಯಿತು. ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: ಇದಕ್ಕೆ ದಣಿವಿಲ್ಲ, ತಲೆನೋವಿಲ್ಲ, ಇದು ರಜೆ ಕೇಳುವುದಿಲ್ಲ. ಎಲ್ಲರೂ ನಕ್ಕರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ತಲೆನೋವೆಂದೇ ರಜೆ ಹಾಕಿ, ಈಗಷ್ಟೇ ಅರ್ಧ ದಿನದ ಕೆಲಸಕ್ಕೆ ಮರಳಿರುವ ನಾನು ಹಿಂದಿನ ಸಾಲಿನಲ್ಲಿ ಟ್ಯೂಬ್‌ಲೈಟಿಗೆ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಅದು ಸೌಜನ್ಯವೋ ಮರೆವೋ, ದೇವರಿಗೇ ಗೊತ್ತು.

ನನ್ನ ತಲೆಯ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿದೆ. ಮುಂದಿನ ಬಸ್ಸನ್ನು ಹಿಂದಿಕ್ಕುವುದೇ ಜನ್ಮದ ಸಾರ್ಥಕತೆ ಎಂದು ನಂಬಿದ್ದ ಒಂದು ಸಿಟಿ ಬಸ್ಸು, ಮಂಗಳೂರಿನ ನಂತೂರಿನ ಬಳಿ ಹಠಾತ್ತನೆ ಹಾಕಿದ ಬ್ರೇಕು, ಕಬ್ಬಿಣದ ಕಂಬ, ನನ್ನ ಹಣೆ. ಪ್ರಜ್ಞೆ ತಪ್ಪಲಿಲ್ಲ, ಒಂದು ಹನಿ ರಕ್ತ ಬರಲಿಲ್ಲ. ಕಂಡಕ್ಟರ್ ಹುಡುಗನೇ ಇಳಿದು ರಿಕ್ಷಾ ಹಿಡಿದು, "ಅಕ್ಕ, ಮನೆಗಲ್ಲ, ಮೊದಲು ಆಸ್ಪತ್ರೆಗೆ ಹೋಗಿ" ಎಂದ. ಸಿಟಿ ಸ್ಕ್ಯಾನ್ ಆಯಿತು. ಎಲುಬು ಒಡೆದಿಲ್ಲ, ಒಳಗೆ ರಕ್ತಸ್ರಾವ ಇಲ್ಲ, ಎಲ್ಲವೂ ಸರಿಯಾಗಿದೆ ಎಂದು ವರದಿ ಬಂತು. ನನ್ನ ನಿಜವಾದ ತೊಂದರೆ ಶುರುವಾದದ್ದೇ ಆ ವರದಿಯಿಂದ.

ಕನ್‌ಕಶನ್, ಅಂದರೆ ಪೆಟ್ಟಿಗೆ ಮಿದುಳು ಕುಲುಕಿ ಆಗುವ ತೊಂದರೆ, ಸ್ಕ್ಯಾನಿನಲ್ಲಿ ಕಾಣಿಸುವುದಿಲ್ಲ. ಸ್ಕ್ಯಾನ್ ತೋರಿಸುವುದು ಮಿದುಳಿನ ಆಕಾರವನ್ನು, ಅದರ ಕೆಲಸವನ್ನಲ್ಲ. ಪೆಟ್ಟಿನ ಕುಲುಕಿಗೆ ಜೀವಕೋಶಗಳೊಳಗಿನ ಪೊಟ್ಯಾಸಿಯಂ ಹೊರಕ್ಕೆ ನುಗ್ಗುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ಬರುತ್ತದೆ. ಎಲ್ಲವನ್ನೂ ಮತ್ತೆ ಸ್ವಸ್ಥಾನಕ್ಕೆ ಸೇರಿಸಲು ವಿಪರೀತ ಶಕ್ತಿ ಬೇಕು, ಆದರೆ ಅದೇ ಹೊತ್ತಿಗೆ ರಕ್ತದ ಹರಿವು ತಗ್ಗಿರುತ್ತದೆ. ಇನ್ವರ್ಟರಿನಲ್ಲಿ ಫ್ರಿಜ್ ಓಡಿಸಿದಂತೆ. ಆದ್ದರಿಂದಲೇ ಬೆಳಕು ಚುಚ್ಚುತ್ತದೆ, ಸದ್ದು ಬಡಿಯುತ್ತದೆ, ಎರಡು ಸಾಲು ಓದುವಷ್ಟರಲ್ಲಿ ಮೊದಲನೆಯ ಸಾಲು ಮರೆತುಹೋಗುತ್ತದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ನಾನು ಆ ಕೆಲವರ ಪೈಕಿ. ಹಿಂದಿನ ಕಾಲದಂತೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಪದ್ಧತಿ ಈಗ ಇಲ್ಲ. ಮೊದಲ ಒಂದೆರಡು ದಿನ ವಿಶ್ರಾಂತಿ, ಪರದೆಯಿಂದ ದೂರ, ಆಮೇಲೆ ತಾಳಿಕೊಳ್ಳುವಷ್ಟು ನಡಿಗೆ, ತಾಳಿಕೊಳ್ಳುವಷ್ಟು ಕೆಲಸ ಎಂದರು ವೈದ್ಯರು. ಕದ್ರಿ ಪಾರ್ಕಿನಲ್ಲಿ ತೊಂಬತ್ತರ ಅಜ್ಜಂದಿರು ನನ್ನನ್ನು ಹಿಂದಿಕ್ಕಿ ನಡೆದರು, ಇರಲಿ. ಆದರೆ ಮನೆಯ ಹತ್ತಿರದ ಬಯಲಿನಲ್ಲಿ ಯಕ್ಷಗಾನ ಇದ್ದ ರಾತ್ರಿ, ಚಿಕ್ಕಂದಿನಿಂದ ಬೆಳಗಿನ ಮಂಗಳದವರೆಗೂ ಕುಳಿತು ನೋಡುತ್ತಿದ್ದ ನಾನು, ಚೆಂಡೆಯ ಮೊದಲ ಪೆಟ್ಟುಗಳಿಗೇ ಕಿವಿ ಮುಚ್ಚಿಕೊಂಡು ಎದ್ದು ಬಂದೆ. ಬಚ್ಚಲು ಮನೆಯಲ್ಲಿ ನಿಂತು ಅತ್ತೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಕಚೇರಿಯವರಿಗೆ ಮಾತ್ರ ಒಂದೇ ಪ್ರಶ್ನೆ: "ವರದಿ ಸರಿಯಾಗಿಯೇ ಇದೆಯಲ್ಲ ಮೇಡಂ?"

ನನ್ನ ಕೆಲಸ ಮೆಡಿಕಲ್ ಕೋಡಿಂಗ್ ಎಂದು ಗೊತ್ತಿರುವವರು ಇಲ್ಲಿ ನಕ್ಕಿರಬೇಕು. ಅಮೆರಿಕದ ಆಸ್ಪತ್ರೆಗಳ ಚಾರ್ಟುಗಳನ್ನು, ಅಂದರೆ ರೋಗಿಗಳ ದಾಖಲೆಗಳನ್ನು, ಓದಿ, ಪ್ರತಿಯೊಂದು ಕಾಯಿಲೆಗೂ ವಿಮೆಯವರು ಒಪ್ಪುವ ಕೋಡ್ ಹಾಕುವುದು. 2015ರ ಅಕ್ಟೋಬರಿನಿಂದ ಅಲ್ಲಿ ಜಾರಿಯಲ್ಲಿರುವ ಪಟ್ಟಿಯಲ್ಲಿ ಎಪ್ಪತ್ತು ಸಾವಿರದಷ್ಟು ಕೋಡ್‌ಗಳಿವೆ. ಬಾತುಕೋಳಿ ಬಡಿದು ಗಾಯವಾದರೂ ಅದಕ್ಕೊಂದು ಕೋಡ್ ಇದೆ, ನಂಬದವರು ಹುಡುಕಿ ನೋಡಿ. ಪ್ರಜ್ಞೆ ತಪ್ಪದ ಕನ್‌ಕಶನ್‌ಗೆ ಎಸ್ 06.0 ಎಕ್ಸ್ 0 ಎ. ಕೊನೆಯ ಎ ಎಂದರೆ ಚಿಕಿತ್ಸೆ ನಡೆಯುತ್ತಿದೆ. ಗುಣವಾಗುತ್ತಾ ತಪಾಸಣೆಗೆ ಬಂದರೆ ಡಿ. ಸಾವಿರಾರು ಮೈಲಿ ದೂರದ ಅದೆಷ್ಟೋ ತಲೆಗಳಿಗೆ ನಾನೇ ಈ ಕೋಡ್ ಹಾಕಿದ್ದೇನೆ. ಅಲ್ಲಿಯ ವಿಮಾ ಕಂಪನಿ ಒಪ್ಪುವ ಕಾಯಿಲೆಯನ್ನು ಇಲ್ಲಿ ನನ್ನದೇ ಕಚೇರಿ ಒಪ್ಪುವುದಿಲ್ಲ!

ಯಂತ್ರ ಬಂದು ಕೆಲಸ ಕಸಿಯುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ನನಗೂ ಹೆದರಿಕೆ ಇದೆ. ಆದರೆ ಯಂತ್ರಕ್ಕಿಂತ ಮೊದಲೇ ಅದರ ಅಳತೆಗೋಲು ಬಂದು ಕುಳಿತಿದೆ. ಗಂಟೆಗೆ ಎಷ್ಟು ಚಾರ್ಟು, ನೂರಕ್ಕೆ 95 ಸರಿಯೇ, ಎಷ್ಟು ಹೊತ್ತು ಮೌಸ್ ಅಲುಗಲಿಲ್ಲ. ಈ ಕೋಲಿನಲ್ಲಿ ಅಳೆದರೆ ಕಾಯಿಲೆ ಬಿದ್ದವಳು ಕಾಯಿಲೆಯವಳಲ್ಲ, ನಿಧಾನವಾದ ಯಂತ್ರ. ರಜೆ ಕೇಳದಿರುವುದೇ ದೊಡ್ಡ ಗುಣವಾದರೆ ನನ್ನ ಮೇಜು, ಕುರ್ಚಿ, ಶೌಚಾಲಯದ ನಲ್ಲಿ ಎಲ್ಲವೂ ಆದರ್ಶ ನೌಕರರೇ. ನಲ್ಲಿ ಕೂಡ ಮೊನ್ನೆ ಕೈಕೊಟ್ಟಿತ್ತು ಎನ್ನುವುದು ಬೇರೆ ಮಾತು.

ಅಪ್ಪ ಇದನ್ನು ಒಪ್ಪುವುದಿಲ್ಲ. ಅಪ್ಪ ಸಿಂಡಿಕೇಟ್ ಬ್ಯಾಂಕಿನ ಗುಮಾಸ್ತರಾಗಿದ್ದವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಬ್ಯಾಂಕು. "ಕಂಪ್ಯೂಟರ್ ಬರುತ್ತದೆ ಎಂದಾಗ ನಾವೂ ಬೀದಿಗಿಳಿದು ಘೋಷಣೆ ಕೂಗಿದ್ದೆವು. ಕೊನೆಗೆ ಏನಾಯಿತು? ಲೆಡ್ಜರಿನ ಧೂಳು ತಪ್ಪಿತು, ಬ್ಯಾಂಕು ಬೆಳೆಯಿತು, ನಿನ್ನ ಕಾಲೇಜಿನ ಶುಲ್ಕ ಹುಟ್ಟಿತು" ಎನ್ನುತ್ತಾರೆ. ನಿಜ. ಆದರೆ ಅಪ್ಪ ಹೇಳದೆ ಬಿಡುವ ಒಂದು ಸಂಗತಿ ಇದೆ. 1983ರಲ್ಲಿ ಬ್ಯಾಂಕುಗಳ ಆಡಳಿತವೂ ನೌಕರರ ಸಂಘಗಳೂ ಎದುರುಬದುರು ಕುಳಿತು, ಯಂತ್ರ ಬರುವುದು ಹೇಗೆ ಎಂದು ಒಪ್ಪಂದಕ್ಕೆ ಸಹಿ ಹಾಕಿದ್ದವು. ನನ್ನ ಎದುರು ಕುಳಿತಿರುವುದು ಸ್ಲೈಡು. ಅಪ್ಪನ ಹಿಂದೆ ಸಂಘ ಇತ್ತು, ನನ್ನ ಹಿಂದೆ ಇರುವುದು ಹವಾನಿಯಂತ್ರಕ.

ಪುತ್ತೂರಿನ ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಬಂದಾಗ ಯಾರೂ ಗೋಳಾಡಲಿಲ್ಲ ಎಂದು ಇನ್ನೊಬ್ಬರು ನೆನಪಿಸಿದರು. ಅಲ್ಲಿ ಜನ ಸಿಗಲಿಲ್ಲ, ಯಂತ್ರ ಬಂತು. ಇಲ್ಲಿ ಜನ ಇದ್ದೇವೆ ಸ್ವಾಮಿ, ತಲೆಗೆ ಪಟ್ಟಿ ಕಟ್ಟಿಕೊಂಡಾದರೂ ಇದ್ದೇವೆ.

ವಾಟ್ಸ್‌ಆ್ಯಪ್ ಪಂಡಿತರೊಬ್ಬರು ಸಮಾಧಾನಕ್ಕೆಂದು ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್ ಅವರ ಮಾತನ್ನು ಕಳಿಸಿದರು. ಇನ್ನು ಐದು ವರ್ಷಗಳಲ್ಲಿ ಯಂತ್ರವೇ ಮೇಲಾಗುತ್ತದೆ, ಸ್ಕ್ಯಾನ್ ಓದುವ ವೈದ್ಯರಾದ ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಿ ಎಂದು ಅವರು 2016ರಲ್ಲಿ ಹೇಳಿದ್ದರು. 2024ರಲ್ಲಿ ಅವರಿಗೆ ನೊಬೆಲ್ ಬಂತು, ರೇಡಿಯಾಲಜಿಸ್ಟರು ಇನ್ನೂ ಇದ್ದಾರೆ, ನನ್ನ ಸ್ಕ್ಯಾನಿನ ವರದಿಗೆ ಸಹಿ ಹಾಕಿದ್ದು ಕೂಡ ಮನುಷ್ಯರೇ. ಸಂತೋಷ. ಆದರೆ ರೇಡಿಯಾಲಜಿಸ್ಟರು ಬರೆದ ವರದಿಗೆ ಕೋಡ್ ಹಾಕುತ್ತಿದ್ದವಳು ನಾನು, ಯಂತ್ರ ಮೊದಲು ಕೈಹಾಕಿದ್ದೇ ಅಲ್ಲಿಗೆ. ದೊಡ್ಡವರ ಕುರ್ಚಿ ಉಳಿಯಿತೆಂದು ನಾನೇಕೆ ಸಮಾಧಾನಪಡಲಿ?

ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಕಣ್ಣು ಓದಲಾಗದ ದಿನಗಳಲ್ಲಿ ಪತ್ರಿಕೆ ಓದಿ ಹೇಳಿದ್ದು ಮೊಬೈಲಿನೊಳಗಿನ ದನಿ. ಅದರ ಉಚ್ಚಾರಕ್ಕೆ ನಗು ಬರುತ್ತಿತ್ತು, ನಕ್ಕರೆ ತಲೆ ನೋಯುತ್ತಿತ್ತು. ನನಗಿರುವುದು ದ್ವೇಷವಲ್ಲ, ಹೊಟ್ಟೆಕಿಚ್ಚು. ಒಂದು ಮಧ್ಯಾಹ್ನ, ಹಿಂದೆ ನಿಮಿಷದಲ್ಲಿ ಮುಗಿಸುತ್ತಿದ್ದ ಒಂದು ಎಕ್ಸ್-ರೇ ಚಾರ್ಟಿನ ಮುಂದೆ ಕುಳಿತು ಏನೂ ತಿಳಿಯದೆ ನೋಡುತ್ತಿದ್ದಾಗ, ಪಕ್ಕದ ಪರದೆಯಲ್ಲಿ ಸಾಫ್ಟ್‌ವೇರು ಅಂಥವನ್ನೇ ಸಾಲುಸಾಲಾಗಿ ಮುಗಿಸುತ್ತಿತ್ತು. ಅದಕ್ಕೊಂದು ಕಂಬ ಬಡಿಯಲಿ ಎಂದು ಮನಸಾರೆ ಶಪಿಸಿದೆ.

ಕಾಯಿಲೆ ಬಿದ್ದ ನೌಕರರನ್ನು ಏನು ಮಾಡುವುದೆಂಬ ಪ್ರಶ್ನೆಗೆ ಒಂದಾನೊಂದು ಕಾಲದಲ್ಲಿ ಈ ದೇಶ ಒಂದು ಉತ್ತರ ಬರೆದಿತ್ತು. 1948ರ ಕಾಯ್ದೆಯಿಂದ ಹುಟ್ಟಿದ ಇಎಸ್‌ಐ ಎಂಬ ನೌಕರರ ವಿಮಾ ಯೋಜನೆಯಲ್ಲಿ, ಕಾಯಿಲೆ ಬಿದ್ದ ಕೆಲಸಗಾರರಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇಕಡಾ 70 ಸಿಗುತ್ತದೆ. ಮಲಗಿದವನೂ ಕೆಲಸಗಾರನೇ ಎಂದು ಒಪ್ಪಿದ ಕಾಯ್ದೆ. ಆದರೆ ಅದಕ್ಕೆ ಸಂಬಳದ ಮಿತಿ ಇದೆ, 2017ರಲ್ಲಿ ಅದನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ನನ್ನ ಸಂಬಳ ಅದನ್ನು ದಾಟಿದ ದಿನ ಮನೆಗೆ ಲಾಡು ತಂದಿದ್ದೆ.

ಈಗ ಹೊಸ ವ್ಯವಸ್ಥೆ ಹೇಗಿದೆ ಕೇಳಿ. ಮೊದಲು ದಿನದ ರಾಶಿಯಲ್ಲಿ ಸುಲಭದ ಚಾರ್ಟುಗಳೂ ಕಠಿಣವಾದವೂ ಬೆರೆತಿರುತ್ತಿದ್ದವು. ನಾಲ್ಕು ಸುಲಭದ ಎಕ್ಸ್-ರೇ ಮುಗಿಸುವಾಗ ತಲೆಗೆ ಉಸಿರು ಬರುತ್ತಿತ್ತು. ಈಗ ಸುಲಭದ್ದೆಲ್ಲ ಯಂತ್ರದ ಪಾಲು. ನಮಗೆ ಉಳಿದಿರುವುದು ತೊಡಕಿನವು ಮತ್ತು ಯಂತ್ರ ತಪ್ಪಿದ ಕಡೆ ತಿದ್ದುವುದು. ಉದಾಹರಣೆಗೆ, ಹೊರರೋಗಿಯ ಚಾರ್ಟಿನಲ್ಲಿ ವೈದ್ಯರು "ಕನ್‌ಕಶನ್ ಇರಬಹುದೆಂಬ ಅನುಮಾನ" ಎಂದು ಬರೆದಿದ್ದರೆ ಅದನ್ನು ಕನ್‌ಕಶನ್ ಎಂದು ದಾಖಲಿಸುವಂತಿಲ್ಲ. ತಲೆನೋವು, ತಲೆಸುತ್ತು ಎಂದು ಲಕ್ಷಣಗಳಿಗಷ್ಟೇ ಕೋಡ್. ಇಂಥವನ್ನೇ ಹೆಕ್ಕಿ ಹೆಕ್ಕಿ ಇಡೀ ದಿನ ಓದಬೇಕು, ಗುರಿ ಮಾತ್ರ ಹಿಂದಿನದೇ. ಪೆಟ್ಟು ತಿಂದ ತಲೆಗೆ ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ಬೇರೆ ಇದೆಯೇ?

ಚೇತರಿಸಿಕೊಳ್ಳುವವರೆಗೆ ದಿನಕ್ಕಿಷ್ಟು ಸುಲಭದ ಚಾರ್ಟು ಕೊಡಿ ಎಂದು ವೈದ್ಯರ ಚೀಟಿ ಲಗತ್ತಿಸಿ ಮೇಲಿನವರಿಗೆ ಬರೆದಿದ್ದೆ. ಇಂದು ಬೆಳಿಗ್ಗೆ ಉತ್ತರ ಬಂತು: ಅಂಥ ಚಾರ್ಟುಗಳು ಈಗ ಸಿಬ್ಬಂದಿಗೆ ಲಭ್ಯವಿಲ್ಲ, ಬೇಗ ಗುಣಮುಖರಾಗಿ. ಆ ಪತ್ರವನ್ನೂ ಸಾಫ್ಟ್‌ವೇರೇ ಬರೆದುಕೊಟ್ಟಿದೆ ಎಂದು ನನಗೆ ಬಲವಾದ ಅನುಮಾನ. ಆದರೆ ನಾನು ಹೊರರೋಗಿ, ಅನುಮಾನವನ್ನು ದಾಖಲಿಸುವಂತಿಲ್ಲ.